ಅಲರ್ಜಿ ಸೂಜಿ ಅಂದ್ರೆ ಎರಡು ಥರ: ನೀವು ಮಾಡಿಸಿಕೊಳ್ತಿರೋದು ಯಾವುದು?

ಬೆಳಗ್ಗೆ ಅಂಗಡಿ ಶಟರ್ ಎತ್ತಿದ ಕೂಡಲೇ ಸಾಲಾಗಿ ಹತ್ತು ಹದಿನೈದು ಸೀನು. ಮೂಗಿನಿಂದ ನೀರು, ಕಣ್ಣಲ್ಲಿ ತುರಿಕೆ, ಗಂಟಲಲ್ಲಿ ಕೆರೆತ. ಹಿಟ್ಟಿನ ಚೀಲ ಬಿಚ್ಚಿದರೆ, ಹಳೇ ಗೋಣಿಚೀಲ ಕೊಡವಿದರೆ ಮತ್ತೆ ಶುರು. ಮಳೆಗಾಲ ಮುಗಿಯೋ ಹೊತ್ತಿಗೆ ಎದೆಯಲ್ಲಿ ಸುಂಯ್ ಸುಂಯ್ ಅನ್ನೋ ಶಬ್ದ. ಕೊನೆಗೆ ಕ್ಲಿನಿಕ್‌ಗೆ ಹೋಗಿ, "ಡಾಕ್ಟ್ರೇ, ಅಲರ್ಜಿ ಸೂಜಿ ಒಂದು ಮಾಡಿಬಿಡಿ, ಅಂಗಡಿ ಬಾಗಿಲು ತೆಗೀಬೇಕು" ಅನ್ನೋದು. ಸಂಜೆಯೊಳಗೆ ಆರಾಮ. ತಿಂಗಳು ಕಳೆದ ಮೇಲೆ ಮತ್ತೆ ಅದೇ ಕಥೆ.

ನಮ್ಮ ತಾಲೂಕಿನ ಪೇಟೆಯಲ್ಲಿ ಈ ಕಥೆ ಹೇಳೋರು ಒಬ್ಬಿಬ್ಬರಲ್ಲ. ನನಗೆ ಪರಿಚಯದ ಕಿರಾಣಿ ಅಂಗಡಿಯವರೊಬ್ಬರು ನಾಲ್ಕು ವರ್ಷ ಹೀಗೇ ಸೂಜಿ ಮಾಡಿಸಿಕೊಂಡು ಬಂದರು. ಕೊನೆಗೆ ಒಮ್ಮೆ ದಾವಣಗೆರೆಗೆ ಹೋಗಿ ತಜ್ಞರಿಗೆ ತೋರಿಸಿದಾಗ ಆ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಅಲರ್ಜಿ ಇಂಜೆಕ್ಷನ್ ಅಂತೀರಲ್ಲ, ಅದು ಯಾವ ಇಂಜೆಕ್ಷನ್?" ಇವರ ಹತ್ತಿರ ಚೀಟಿ ಇಲ್ಲ, ಹೆಸರೂ ಗೊತ್ತಿಲ್ಲ. ಆವತ್ತೇ ರಕ್ತ ಪರೀಕ್ಷೆ ಮಾಡಿಸಿದರೆ ಶುಗರ್ ಏರಿತ್ತು. ಅಷ್ಟು ವರ್ಷ ಇವರು ಮಾಡಿಸಿಕೊಂಡದ್ದು ಅಲರ್ಜಿಯ ಬುಡಕ್ಕೆ ಹೋಗೋ ಸೂಜಿ ಅಲ್ಲವೇ ಅಲ್ಲ ಅಂತ ಅವತ್ತು ಗೊತ್ತಾಯ್ತು.

ಅದಕ್ಕೇ ಈ ಬರಹ. ಅಲರ್ಜಿ ಸೂಜಿ ಅಂದರೆ ಏನು, ಯಾರಿಗೆ ಹಿಡಿಸುತ್ತೆ, ಯಾರಿಗೆ ಬೇಡ, ಎಷ್ಟು ದಿನ, ಏನು ಜಾಗ್ರತೆ? ಮಾಡಿಸಿಕೊಳ್ಳುವ ಮುಂಚೆ ತಿಳಿದಿರಬೇಕಾದ್ದನ್ನ ಒಂದೊಂದಾಗಿ ನೋಡೋಣ.

ಎರಡು ಸೂಜಿ, ಎರಡು ಬೇರೆ ಕೆಲಸ

ಮೊದಲನೆಯದು ತಕ್ಷಣ ಆರಾಮ ಕೊಡೋ ಸೂಜಿ. ಜನ ಸಾಮಾನ್ಯವಾಗಿ ಅವಿಲ್, ಡೆಕ್ಸಾ ಅಂತ ಕರೆಯೋದು ಈ ಗುಂಪಿಗೆ ಸೇರಿದ್ದು. ಅವಿಲ್ ಥರದ್ದು ತುರಿಕೆ, ಸೀನು ತಡೆಯೋ ಔಷಧಿ, ನಿದ್ದೆ ತರಿಸುತ್ತೆ. ಡೆಕ್ಸಾ ಥರದ್ದು ಸ್ಟಿರಾಯ್ಡ್. ಕೆಲವು ಸ್ಟಿರಾಯ್ಡ್ ಇಂಜೆಕ್ಷನ್‌ಗಳು ಮೈಯಲ್ಲಿ ವಾರಗಟ್ಟಲೆ ನಿಧಾನವಾಗಿ ಕೆಲಸ ಮಾಡುತ್ತವೆ. ಅದಕ್ಕೇ "ಒಂದು ಸೂಜಿಗೆ ಒಂದು ತಿಂಗಳು ಆರಾಮ" ಅನ್ನಿಸೋದು.

ತುರ್ತು ಹೊತ್ತಲ್ಲಿ ಡಾಕ್ಟರು ಸ್ಟಿರಾಯ್ಡ್ ಕೊಟ್ಟರೆ ಅದು ತಪ್ಪಲ್ಲ, ಜೋರಾದ ಉಬ್ಬಸದಲ್ಲಿ ಅದು ಬೇಕೇ ಬೇಕು. ತೊಂದರೆ ಇರೋದು ಬರೀ ಸೀನು, ನೆಗಡಿಗೆ ಪದೇ ಪದೇ ಮಾಡಿಸಿಕೊಳ್ಳೋದರಲ್ಲಿ. ಶುಗರ್ ಏರುತ್ತೆ, ಬಿಪಿ ಏರುತ್ತೆ, ವರ್ಷಗಟ್ಟಲೆ ಆದರೆ ಮೂಳೆ ಸವೆಯುತ್ತೆ, ಕಣ್ಣಿಗೆ ಪೊರೆ ಬರಬಹುದು. ಮೈ ತಾನೇ ತಯಾರಿಸಿಕೊಳ್ಳುವ ಸ್ಟಿರಾಯ್ಡ್ ಕೂಡ ಕಡಿಮೆಯಾಗುತ್ತೆ. ಹಾಗಾಗಿ ಆಗಾಗ ಇಂಥ ಸೂಜಿ ಅಥವಾ ಮಾತ್ರೆ ತಗೊಂಡವರು ಅದನ್ನ ಮುಚ್ಚಿಡಬೇಡಿ, ಹೊಸ ಡಾಕ್ಟರಿಗೆ ಮೊದಲು ಅದನ್ನೇ ಹೇಳಿ. ದಿನಾ ಮಾತ್ರೆ ನುಂಗುತ್ತಿದ್ದವರು ನೀವೇ ತಟ್ಟನೆ ನಿಲ್ಲಿಸಲೂಬೇಡಿ.

ಎರಡನೆಯದು ನಿಜವಾದ ಅಲರ್ಜಿ ಚಿಕಿತ್ಸೆಯ ಸೂಜಿ. ಡಾಕ್ಟರುಗಳು ಇದನ್ನ ಇಮ್ಯುನೊಥೆರಪಿ ಅಂತಾರೆ, ಕೆಲವರು ಅಲರ್ಜಿ ಲಸಿಕೆ ಅಂತಲೂ ಹೇಳ್ತಾರೆ. ಇದರಲ್ಲಿ ಸ್ಟಿರಾಯ್ಡ್ ಇರಲ್ಲ. ನಿಮಗೆ ಯಾವ ವಸ್ತು ಆಗಿಬರಲ್ಲವೋ ಅದೇ ವಸ್ತುವಿನ ಸಾರ ಅತಿ ಸಣ್ಣ ಪ್ರಮಾಣದಲ್ಲಿ ಇರುತ್ತೆ. ಇವತ್ತು ಮಾಡಿಸಿದರೆ ನಾಳೆ ಆರಾಮ ಆಗೋ ಸೂಜಿ ಇದಲ್ಲ. ತಿಂಗಳುಗಳೇ ಬೇಕು.

ಆದ್ದರಿಂದ ಯಾರಾದರೂ "ಅಲರ್ಜಿ ಇಂಜೆಕ್ಷನ್" ಅಂದ ಕೂಡಲೇ ಕೇಳಿ: ಇದರ ಹೆಸರೇನು? ಇದರಲ್ಲಿ ಸ್ಟಿರಾಯ್ಡ್ ಇದೆಯಾ? ಚೀಟಿಯಲ್ಲಿ ಬರೆದುಕೊಡ್ತೀರಾ? ಇದನ್ನ ಕೇಳೋದು ನಿಮ್ಮ ಹಕ್ಕು.

ಅದೇ ವಿಷ, ಹನಿ ಹನಿಯಾಗಿ

ಅಲರ್ಜಿ ಅಂದರೆ ಮೈಯ ಕಾವಲುಗಾರ ತಪ್ಪು ತಿಳಿದುಕೊಳ್ಳೋದು. ಧೂಳಿನ ಹುಳವೋ ಹೂವಿನ ಪರಾಗವೋ ಮೂಗಿನೊಳಗೆ ಹೋದರೆ ಎಲ್ಲರ ಮೈ ಸುಮ್ಮನಿರುತ್ತೆ. ಅಲರ್ಜಿ ಇದ್ದವರ ಮೈ ಮಾತ್ರ ಕಳ್ಳ ಬಂದ ಅಂತ ಕೂಗೆಬ್ಬಿಸುತ್ತೆ. ಐಜಿಇ ಅನ್ನೋ ಒಂದು ಪ್ರೋಟೀನು ಇದರ ಮುಖ್ಯ ಸೂತ್ರಧಾರ. ಅದರಿಂದ ಹಿಸ್ಟಮಿನ್ ಬಿಡುಗಡೆಯಾಗಿ ಸೀನು, ತುರಿಕೆ, ನೀರು ಎಲ್ಲ ಶುರುವಾಗುತ್ತೆ.

ಇಮ್ಯುನೊಥೆರಪಿಯಲ್ಲಿ ಅದೇ ವಸ್ತುವನ್ನ ಮೊದಲು ಅತಿ ಕಡಿಮೆ, ನಂತರ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಚರ್ಮದ ಕೆಳಗೆ ಕೊಡ್ತಾರೆ. ದಿನಾ ಎದುರಿಗೆ ಬರೋ ಹೊಸ ಗಿರಾಕಿಯನ್ನ ನಾಯಿ ಮೊದಮೊದಲು ಬೊಗಳಿ, ಆಮೇಲೆ ಸುಮ್ಮನಾಗೋ ಹಾಗೆ, ಮೈ ನಿಧಾನವಾಗಿ ರೂಢಿ ಮಾಡಿಕೊಳ್ಳುತ್ತೆ. ಉಳಿದ ಮಾತ್ರೆ, ಸ್ಪ್ರೇ ಎಲ್ಲ ಲಕ್ಷಣ ತಡೆಯುತ್ತವೆ. ಇದೊಂದೇ ಅಲರ್ಜಿಯ ಸ್ವಭಾವವನ್ನೇ ಬದಲಿಸೋ ಪ್ರಯತ್ನ.

ಇದು ನಿನ್ನೆ ಮೊನ್ನೆ ಬಂದ ಪದ್ಧತಿಯೂ ಅಲ್ಲ. 1911ರಲ್ಲಿ ಲಂಡನ್ನಿನ ಸೇಂಟ್ ಮೇರಿಸ್ ಆಸ್ಪತ್ರೆಯ ಲಿಯೊನಾರ್ಡ್ ನೂನ್ ಅನ್ನೋ ವೈದ್ಯರು ಹುಲ್ಲಿನ ಪರಾಗದ ಸಾರವನ್ನ ಹೀಗೆ ಚುಚ್ಚಿ ನೋಡಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. 1998ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಈ ಚಿಕಿತ್ಸೆ ಬಗ್ಗೆ ತನ್ನ ನಿಲುವಿನ ದಾಖಲೆ ಹೊರಡಿಸಿತು.

ಯಾರಿಗೆ ಉಪಯೋಗ, ಯಾರಿಗೆ ದುಡ್ಡು ದಂಡ?

ಈ ಸೂಜಿ ಕೆಲಸ ಮಾಡೋದು ಮುಖ್ಯವಾಗಿ ಮೂರು ಕಡೆ. ಒಂದು, ಅಲರ್ಜಿಯಿಂದ ಬರೋ ಮೂಗು ಮತ್ತು ಕಣ್ಣಿನ ತೊಂದರೆ. ಎರಡು, ಅಲರ್ಜಿಯಿಂದ ಬರೋ, ಆದರೆ ಔಷಧಿಯಿಂದ ಹತೋಟಿಯಲ್ಲಿರೋ ಅಸ್ತಮಾ. ಮೂರು, ಜೇನುನೊಣ ಅಥವಾ ಕಣಜ ಕಚ್ಚಿದರೆ ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿ, ತಲೆ ತಿರುಗಿ ಬೀಳುವಂಥವರು. ಕಚ್ಚಿದ ಜಾಗದಲ್ಲಿ ಮಾತ್ರ ಊತ ಬಂದರೆ ಅದಕ್ಕೆ ಈ ಚಿಕಿತ್ಸೆ ಸಾಮಾನ್ಯವಾಗಿ ಬೇಕಿಲ್ಲ.

ನಮ್ಮ ಕಡೆ ಮೂಗಿನ ಅಲರ್ಜಿಗೆ ಕಾರಣ ಆಗೋ ವಸ್ತುಗಳು ಬಹಳ ಇವೆ. ಹಾಸಿಗೆ, ದಿಂಬಿನಲ್ಲಿ ಬೆಳೆಯೋ ಕಣ್ಣಿಗೆ ಕಾಣದ ಧೂಳಿನ ಹುಳ, ಜಿರಳೆ, ತೇವದ ಗೋಡೆಯ ಬೂಸ್ಟು ದೊಡ್ಡ ಕಾರಣಗಳು. ಹೊರಗೆ ರಸ್ತೆ ಬದಿಯ ಕಾಂಗ್ರೆಸ್ ಗಿಡ ಅಂದರೆ ಪಾರ್ಥೇನಿಯಂ, ಬಳ್ಳಾರಿ ಜಾಲಿ, ಹುಲ್ಲಿನ ಪರಾಗ. ಅಕ್ಕಿ, ಹಿಟ್ಟು, ಧಾನ್ಯ ಬಹಳ ದಿನ ಇಟ್ಟಲ್ಲಿ ಬೇರೆ ಜಾತಿಯ ಸಣ್ಣ ಹುಳಗಳೂ ಬೆಳೆಯುತ್ತವೆ. ಕಿರಾಣಿ ಅಂಗಡಿ, ಗಿರಣಿ, ಗೋದಾಮಿನಲ್ಲಿ ಕೆಲಸ ಮಾಡೋರು ಇದನ್ನ ಡಾಕ್ಟರಿಗೆ ತಪ್ಪದೇ ಹೇಳಬೇಕು.

ಈಗ ಯಾವುದಕ್ಕೆ ಈ ಸೂಜಿ ನಡೆಯಲ್ಲ ನೋಡಿ:

- ಮೆಣಸಿನಕಾಯಿ ಘಾಟು, ಹೊಗೆ, ಅಗರಬತ್ತಿ, ಪೇಂಟು, ಸೆಂಟು. ಇವು ಕೆರಳಿಸೋ ವಸ್ತುಗಳು. ಖಾರದ ಪುಡಿ ಕುಟ್ಟಿಸುವಾಗ ಎಲ್ಲರಿಗೂ ಸೀನು ಬರುತ್ತೆ, ಅದು ಅಲರ್ಜಿ ಅಲ್ಲ. ಇದಕ್ಕೆ ಸೂಜಿ ಇಲ್ಲ.
- ಪಿತ್ತದ ಗಂಧೆ. ತಿಂಗಳುಗಟ್ಟಲೆ ದಿನಾ ಏಳುವ ಗಂಧೆಗೆ ಬಹುತೇಕ ಹೊರಗಿನ ವಸ್ತು ಕಾರಣ ಆಗಿರಲ್ಲ. ಇದಕ್ಕೆ ಬೇರೆ ಚಿಕಿತ್ಸೆ ಇದೆ.
- ಊಟದ ಅಲರ್ಜಿ. ಶೇಂಗಾ, ಮೊಟ್ಟೆ, ಸೀಗಡಿ ಆಗಲ್ಲ ಅನ್ನೋರಿಗೆ ಈ ಸೂಜಿ ಕೊಡಲ್ಲ. ಅಪಾಯ ಹೆಚ್ಚು.
- ಕಾಂಗ್ರೆಸ್ ಗಿಡ ಕಿತ್ತು ಕೈ, ಕುತ್ತಿಗೆ ಚರ್ಮ ಕಪ್ಪಾಗಿ ದಪ್ಪಗಾಗಿ ಕೆರೆಯೋದು. ಅದೇ ಗಿಡದ ಪರಾಗದಿಂದ ಸೀನು ಬಂದರೆ ಅದು ಬೇರೆ, ಎಲೆ ತಾಗಿ ಚರ್ಮ ಕೆಡೋದು ಬೇರೆ ಥರದ ಅಲರ್ಜಿ. ಚರ್ಮಕ್ಕೆ ಚರ್ಮರೋಗ ತಜ್ಞರನ್ನೇ ನೋಡಿ.
- ಮೂಳೆ ವಕ್ರ, ಮೂಗಿನ ದುರ್ಮಾಂಸ ಮಾತ್ರ ಇದ್ದವರು. ಮೂಗು ಕಟ್ಟೋದಕ್ಕೆಲ್ಲ ಅಲರ್ಜಿಯೇ ಕಾರಣ ಅಲ್ಲ. ಕಿವಿ ಮೂಗು ಗಂಟಲು ತಜ್ಞರು ಒಮ್ಮೆ ಒಳಗೆ ನೋಡಲೇಬೇಕು.

ಸೂಜಿಗೆ ಮುಂಚೆ ಸ್ಪ್ರೇ

ಅಲರ್ಜಿ ಇದೆ ಅಂದ ತಕ್ಷಣ ಎಲ್ಲರೂ ಸೂಜಿಗೆ ಓಡಬೇಕಿಲ್ಲ. ಮೊದಲ ಚಿಕಿತ್ಸೆ ಮೂಗಿನ ಸ್ಪ್ರೇ ಮತ್ತು ನಿದ್ದೆ ತರಿಸದ ಅಲರ್ಜಿ ಮಾತ್ರೆ. "ಸ್ಪ್ರೇ ಅಭ್ಯಾಸ ಆಗಿಬಿಡುತ್ತೆ" ಅಂತ ಜನ ಹೆದರೋದು ಒಂದು ಗೊಂದಲದಿಂದ. ಮೆಡಿಕಲ್ ಶಾಪಲ್ಲಿ ಮೂಗು ತಕ್ಷಣ ಬಿಡಿಸೋ ಹನಿ ಸಿಗುತ್ತಲ್ಲ, ಅದನ್ನ ನಾಲ್ಕೈದು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಇನ್ನಷ್ಟು ಕಟ್ಟುತ್ತೆ, ಅದು ನಿಜ. ಆದರೆ ಅಲರ್ಜಿಗೆ ಡಾಕ್ಟರು ಬರೆದುಕೊಡೋ ಸ್ಟಿರಾಯ್ಡ್ ಸ್ಪ್ರೇ ಬೇರೆ. ಅದರ ಪ್ರಮಾಣ ಬಹಳ ಕಡಿಮೆ, ಕೆಲಸ ಮೂಗಿನೊಳಗೆ ಮಾತ್ರ, ಅಭ್ಯಾಸ ಆಗಲ್ಲ. ಸಮಸ್ಯೆ ಅಂದರೆ ಎರಡು ದಿನ ಹಾಕಿ "ಏನೂ ಆಗ್ಲಿಲ್ಲ" ಅಂತ ಬಿಟ್ಟುಬಿಡ್ತೀವಿ. ಅದು ಪೂರ್ತಿ ಹಿಡಿಯೋಕೆ ಒಂದೆರಡು ವಾರ ಬೇಕು.

ಸ್ಪ್ರೇ, ಮಾತ್ರೆ ಸರಿಯಾಗಿ ತಗೊಂಡರೂ ಸಾಲದೇ ಇದ್ದರೆ, ಅಥವಾ ಔಷಧಿ ಬಿಟ್ಟ ಕೂಡಲೇ ಮತ್ತೆ ಬರ್ತಿದ್ದರೆ, ಆಗ ಇಮ್ಯುನೊಥೆರಪಿ ವಿಚಾರ ಮಾಡಬಹುದು.

ಪರೀಕ್ಷೆ ಇಲ್ಲದೆ ಸೂಜಿ ಇಲ್ಲ

ಯಾವುದು ಆಗಲ್ಲ ಅಂತ ಗೊತ್ತಿಲ್ಲದೆ ಯಾವುದರ ಸಾರ ಚುಚ್ಚೋದು? ಅದಕ್ಕೇ ಮೊದಲು ಪರೀಕ್ಷೆ. ಮುಂಗೈ ಒಳಭಾಗದಲ್ಲಿ ಬೇರೆ ಬೇರೆ ವಸ್ತುಗಳ ಸಾರದ ಹನಿ ಇಟ್ಟು, ಅದರ ಮೂಲಕ ಚರ್ಮವನ್ನ ತುದಿಯಲ್ಲಿ ಸ್ವಲ್ಪ ಚುಚ್ಚುತ್ತಾರೆ. ರಕ್ತ ಬರಲ್ಲ, ನೋವೂ ಅಷ್ಟಿರಲ್ಲ. 15ರಿಂದ 20 ನಿಮಿಷ ಬಿಟ್ಟು ಸೊಳ್ಳೆ ಕಚ್ಚಿದ ಹಾಗೆ ಎಲ್ಲಿ ಗುಳ್ಳೆ ಎದ್ದಿದೆ ಅಂತ ಅಳೀತಾರೆ.

ಇಲ್ಲಿ ಮೂರು ವಿಷಯ ನೆನಪಿರಲಿ.

ಒಂದು: ಸಿಟ್ರಿಜಿನ್, ಲಿವೊಸಿಟ್ರಿಜಿನ್, ಅವಿಲ್ ಥರದ ಮಾತ್ರೆಗಳನ್ನ ಪರೀಕ್ಷೆಗೆ ಐದಾರು ದಿನ, ಕೆಲವು ಕಡೆ ಒಂದು ವಾರ ಮುಂಚೆ ನಿಲ್ಲಿಸೋಕೆ ಹೇಳ್ತಾರೆ. ನಿಲ್ಲಿಸದಿದ್ದರೆ ಗುಳ್ಳೆಯೇ ಏಳಲ್ಲ, ಅಷ್ಟು ದೂರ ಹೋದದ್ದು ದಂಡ. ನೆಗಡಿ, ಕೆಮ್ಮಿಗೆ ಅಂಗಡಿಯಲ್ಲಿ ತಗೊಳ್ಳೋ ಮಾತ್ರೆ, ಸಿರಪ್‌ನಲ್ಲೂ ಇದೇ ಔಷಧಿ ಇರುತ್ತೆ. ಅಸ್ತಮಾ ಇನ್ಹೇಲರ್ ಮಾತ್ರ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

ಎರಡು: ಪರೀಕ್ಷೆಯಲ್ಲಿ ಗುಳ್ಳೆ ಎದ್ದದ್ದೆಲ್ಲ ಕಾಯಿಲೆ ಅಲ್ಲ. ಹತ್ತು ವಸ್ತುವಿಗೆ ಗುಳ್ಳೆ ಎದ್ದರೂ ನಿಮಗೆ ತೊಂದರೆ ಕೊಡೋದು ಎರಡೇ ಇರಬಹುದು. ಯಾವ ಕಾಲದಲ್ಲಿ, ಎಲ್ಲಿದ್ದಾಗ, ಏನು ಮಾಡುವಾಗ ಸೀನು ಬರುತ್ತೆ ಅನ್ನೋ ನಿಮ್ಮ ಕಥೆಯೂ ಪರೀಕ್ಷೆಯ ಫಲವೂ ಒಂದಕ್ಕೊಂದು ಹೊಂದಬೇಕು. ಪಟ್ಟಿಯಲ್ಲಿರೋ ಇಪ್ಪತ್ತು ವಸ್ತುಗಳನ್ನೂ ಒಂದೇ ಬಾಟಲಿಗೆ ಬೆರೆಸಿ ಕೊಡ್ತೀವಿ ಅಂದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಿ.

ಮೂರು: ಚರ್ಮದ ಪರೀಕ್ಷೆ ಆಗದವರಿಗೆ ರಕ್ತ ಪರೀಕ್ಷೆ ಇದೆ. ಆದರೆ "ಒಟ್ಟು ಐಜಿಇ ಜಾಸ್ತಿ ಇದೆ" ಅನ್ನೋ ಒಂದೇ ಸಾಲು ನೋಡಿ ಚಿಕಿತ್ಸೆ ಶುರು ಮಾಡೋಕೆ ಬರಲ್ಲ. ಹೊಟ್ಟೆ ಹುಳದಿಂದಲೂ ಅದು ಏರುತ್ತೆ. ಯಾವ ವಸ್ತುವಿನ ವಿರುದ್ಧ ಐಜಿಇ ಅಂತ ಬೇರೆ ಬೇರೆಯಾಗಿ ಗೊತ್ತಾಗಬೇಕು.

ಇವರು ಮೊದಲೇ ಹೇಳಲೇಬೇಕು

- ಅಸ್ತಮಾ ಹತೋಟಿಯಲ್ಲಿ ಇಲ್ಲದವರು. ರಾತ್ರಿ ಉಬ್ಬಸ, ದಿನಾ ಇನ್ಹೇಲರ್ ಬೇಕಾಗೋ ಸ್ಥಿತಿ ಇದ್ದರೆ ಮೊದಲು ಅದನ್ನ ಸರಿ ಮಾಡಿ, ಆಮೇಲೆ ಸೂಜಿ. ದೊಡ್ಡ ಅಪಾಯ ಇರೋದು ಇವರಿಗೇ.
- ಬಿಪಿ, ಹೃದಯಕ್ಕೆ ಮಾತ್ರೆ ತಗೊಳ್ಳೋರು. ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನಲಾಲ್ ಥರದವು ಇದ್ದರೆ, ಅಲರ್ಜಿ ಜೋರಾದಾಗ ಜೀವ ಉಳಿಸೋ ಅಡ್ರಿನಲಿನ್ ಇಂಜೆಕ್ಷನ್ ಸರಿಯಾಗಿ ಕೆಲಸ ಮಾಡದೇ ಹೋಗಬಹುದು. ಮಾತ್ರೆ ನೀವೇ ನಿಲ್ಲಿಸಬೇಡಿ, ಪಟ್ಟಿ ತೋರಿಸಿ.
- ಗರ್ಭಿಣಿಯರು. ಗರ್ಭ ನಿಂತ ಮೇಲೆ ಹೊಸದಾಗಿ ಶುರು ಮಾಡಲ್ಲ. ಮೊದಲಿಂದ ನಡೀತಿದ್ದು ಚೆನ್ನಾಗಿ ಹೊಂದಿದ್ದರೆ, ಡಾಕ್ಟರು ಪ್ರಮಾಣ ಏರಿಸದೆ ಮುಂದುವರಿಸಬಹುದು.
- ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರೋರು, ರೋಗನಿರೋಧಕ ಶಕ್ತಿಯ ದೊಡ್ಡ ಕಾಯಿಲೆ ಇರೋರು.
- ಐದು ವರ್ಷದೊಳಗಿನ ಮಕ್ಕಳು. ತೊಂದರೆ ಆದರೆ ಅವು ಬಾಯಿಬಿಟ್ಟು ಹೇಳಲ್ಲ, ಹಾಗಾಗಿ ಸಾಮಾನ್ಯವಾಗಿ ಕಾಯ್ತಾರೆ.

ಲೆಕ್ಕ ಹಾಕಿ, ಆಮೇಲೆ ಒಪ್ಪಿ

ವ್ಯಾಪಾರಸ್ಥರಿಗೆ ಲೆಕ್ಕ ಹೇಳಿದರೇ ಬೇಗ ಅರ್ಥ ಆಗೋದು. ಈ ಚಿಕಿತ್ಸೆಗೆ ಎರಡು ಹಂತ. ಮೊದಲ ಹಂತದಲ್ಲಿ ವಾರಕ್ಕೆ ಒಂದು ಅಥವಾ ಎರಡು ಸೂಜಿ, ಪ್ರತಿ ಸಲ ಪ್ರಮಾಣ ಸ್ವಲ್ಪ ಏರಿಸುತ್ತಾ ಸುಮಾರು ಮೂರರಿಂದ ಆರು ತಿಂಗಳು. ಎರಡನೇ ಹಂತದಲ್ಲಿ ಅದೇ ಪ್ರಮಾಣ, ಎರಡರಿಂದ ನಾಲ್ಕು ವಾರಕ್ಕೆ ಒಮ್ಮೆ. ಒಟ್ಟು ಮೂರರಿಂದ ಐದು ವರ್ಷ.

ವಾರಕ್ಕೊಂದರಂತೆ ಆರು ತಿಂಗಳಿಗೆ 26 ಸೂಜಿ. ಆಮೇಲೆ ತಿಂಗಳಿಗೆ ಒಂದರಂತೆ ಎರಡೂವರೆ ವರ್ಷಕ್ಕೆ 30. ಅಲ್ಲಿಗೆ ಮೂರು ವರ್ಷಕ್ಕೇ 56 ಸಲ ಹೋಗಿ ಬರಬೇಕು. ಸೂಜಿಯ ದುಡ್ಡು ಮಾತ್ರ ಲೆಕ್ಕ ಅಲ್ಲ. ಬಸ್ ಚಾರ್ಜು, ಅರ್ಧ ದಿನ ಅಂಗಡಿ ಮುಚ್ಚಿದ ನಷ್ಟ, ಮಗುವಾದರೆ ಜೊತೆಗೆ ಹೋಗೋ ದೊಡ್ಡವರ ಕೂಲಿ ಎಲ್ಲ ಸೇರಿಸಿ. ಶುರು ಮಾಡೋ ಮುಂಚೆ ಪರೀಕ್ಷೆಗೆ ಎಷ್ಟು, ಒಂದು ಸೆಟ್ ಬಾಟಲಿಗೆ ಎಷ್ಟು, ಅದು ಎಷ್ಟು ತಿಂಗಳು ಬರುತ್ತೆ, ಪ್ರತಿ ಸಲ ಚುಚ್ಚೋದಕ್ಕೆ ಬೇರೆ ಫೀಸಾ ಅಂತ ಬರೆಸಿಕೊಳ್ಳಿ. ಆರೋಗ್ಯ ವಿಮೆ ಇದ್ದವರು, ಆಸ್ಪತ್ರೆಯಲ್ಲಿ ಅಡ್ಮಿಟ್ ಆಗದ ಇಂಥ ಚಿಕಿತ್ಸೆಗೆ ಹಣ ಸಿಗುತ್ತಾ ಅಂತ ಮೊದಲೇ ಕೇಳಿ.

ಫಲ ಯಾವಾಗ? ಕೆಲವರಿಗೆ ಮೊದಲ ಹಂತ ಮುಗಿಯೋ ಹೊತ್ತಿಗೆ, ಬಹಳ ಜನಕ್ಕೆ ವರ್ಷದೊಳಗೆ ವ್ಯತ್ಯಾಸ ಗೊತ್ತಾಗುತ್ತೆ. ಸೀನು ಸೊನ್ನೆ ಆಗುತ್ತೆ ಅಂತಲ್ಲ. ತೊಂದರೆ ಕಡಿಮೆಯಾಗುತ್ತೆ, ಮಾತ್ರೆ ಕಡಿಮೆಯಾಗುತ್ತೆ. ಪೂರ್ತಿ ಕೋರ್ಸ್ ಮುಗಿಸಿದವರಲ್ಲಿ ಬಹಳ ಜನಕ್ಕೆ ಸೂಜಿ ನಿಲ್ಲಿಸಿದ ಮೇಲೂ ವರ್ಷಗಟ್ಟಲೆ ಗುಣ ಉಳಿಯುತ್ತೆ. ಪೂರ್ತಿ ಪ್ರಮಾಣಕ್ಕೆ ಬಂದು ಒಂದು ವರ್ಷ ಆದರೂ ಏನೂ ಗುಣ ಕಾಣದಿದ್ದರೆ ಸುಮ್ಮನೆ ಎಳೆಯಬಾರದು, ಕಾರಣ ಹುಡುಕಬೇಕು ಅಥವಾ ನಿಲ್ಲಿಸಬೇಕು. "ನೂರಕ್ಕೆ ನೂರು ಗ್ಯಾರಂಟಿ", "ಮೂರೇ ಸೂಜಿಗೆ ಅಲರ್ಜಿ ಖಾಯಂ ಬಂದ್" ಅನ್ನೋರನ್ನ ನಂಬಬೇಡಿ.

ನಡುವೆ ಬಿಟ್ಟರೆ? ಜಾತ್ರೆ, ಮದುವೆ, ಸುಗ್ಗಿ ಅಂತ ಕೆಲವು ವಾರ ತಪ್ಪಿದರೆ ಮುಂದಿನ ಸಲ ಅದನ್ನ ಹೇಳಲೇಬೇಕು. ಎಷ್ಟು ದಿನ ತಪ್ಪಿದೆ ಅನ್ನೋದರ ಮೇಲೆ ಪ್ರಮಾಣ ಇಳಿಸಿ ಕೊಡ್ತಾರೆ. ತಪ್ಪಿದ್ದನ್ನ ಮುಚ್ಚಿಟ್ಟು ಹಳೇ ಪ್ರಮಾಣ ಚುಚ್ಚಿಸಿಕೊಂಡರೆ ಅಪಾಯ.

ಆ ಅರ್ಧ ಗಂಟೆ

ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳೋದಾದರೆ ಇದನ್ನ ಇಟ್ಟುಕೊಳ್ಳಿ: ಸೂಜಿ ಆದ ಮೇಲೆ 30 ನಿಮಿಷ ಆಸ್ಪತ್ರೆಯಲ್ಲೇ ಕೂತಿರಬೇಕು. ಬಸ್ ಬಂತು, ಗಿರಾಕಿ ಕಾಯ್ತಿದ್ದಾರೆ, ಹಿಂದಿನ ಇಪ್ಪತ್ತು ಸಲ ಏನೂ ಆಗಿಲ್ಲ ಅನ್ನೋ ಯಾವ ಕಾರಣವೂ ನಡೆಯಲ್ಲ.

ಯಾಕೆ? ಚುಚ್ಚಿರೋದು ನಿಮಗೆ ಆಗದ ವಸ್ತುವನ್ನೇ. ತೋಳಿನ ಹಿಂಭಾಗದಲ್ಲಿ ಚುಚ್ಚಿದ ಜಾಗ ಕೆಂಪಾಗಿ ಊದಿಕೊಂಡು ತುರಿಸೋದು ಸಾಮಾನ್ಯ. ತಣ್ಣೀರ ಬಟ್ಟೆ ಇಟ್ಟರೆ ಒಂದೆರಡು ದಿನದಲ್ಲಿ ಇಳಿಯುತ್ತೆ. ಊತ ದೊಡ್ಡದಾಗಿದ್ದರೆ ಅಥವಾ ಮರುದಿನವೂ ಇದ್ದರೆ ಮುಂದಿನ ಸೂಜಿಗೆ ಮುಂಚೆ ಹೇಳಿ. ಆದರೆ ಅಪರೂಪಕ್ಕೆ, ಸುಮಾರು ಸಾವಿರ ಸೂಜಿಗೆ ಒಂದೆರಡು ಸಲ, ಇಡೀ ಮೈಗೆ ಅಲರ್ಜಿ ಹರಡಬಹುದು. ಅದರಲ್ಲಿ ಹೆಚ್ಚಿನವು ಸಣ್ಣವು. ಜೀವಕ್ಕೆ ಕುತ್ತು ಬರೋದು ಅತಿ ಅಪರೂಪ. ಅಮೆರಿಕದ ಹಳೇ ಸಮೀಕ್ಷೆಗಳಲ್ಲಿ 20ರಿಂದ 25 ಲಕ್ಷ ಸೂಜಿಗೆ ಒಂದು ಸಾವು ಅಂತ ಲೆಕ್ಕ ಸಿಕ್ಕಿತ್ತು. ಅಪರೂಪ ಆದರೂ, ಜೋರಾದ ಅಲರ್ಜಿ ಬಹುತೇಕ ಮೊದಲ ಅರ್ಧ ಗಂಟೆಯಲ್ಲೇ ಕಾಣಿಸಿಕೊಳ್ಳುತ್ತೆ. ಆಸ್ಪತ್ರೆಯಲ್ಲಿದ್ದರೆ ಅದು ಹತ್ತು ನಿಮಿಷದ ಗಾಬರಿ, ಬಸ್ಸಿನಲ್ಲಿದ್ದರೆ ಜೀವದ ಪ್ರಶ್ನೆ.

ಈ ಲಕ್ಷಣ ಕಂಡರೆ ತಡ ಮಾಡಬೇಡಿ: ಅಂಗೈ, ಅಂಗಾಲು ತುರಿಕೆ, ಮೈಯೆಲ್ಲ ಗಂಧೆ, ತುಟಿ, ನಾಲಿಗೆ ಊತ, ಗಂಟಲು ಬಿಗಿದ ಹಾಗೆ, ದನಿ ಗೊಗ್ಗರು, ಕೆಮ್ಮು, ಉಬ್ಬಸ, ವಾಂತಿ, ಹೊಟ್ಟೆ ನುಲಿತ, ಕಣ್ಣು ಕತ್ತಲೆ, ಏನೋ ಆಗ್ತಿದೆ ಅನ್ನೋ ವಿಪರೀತ ಗಾಬರಿ. ಕ್ಲಿನಿಕ್‌ನಲ್ಲಿದ್ದರೆ ತಕ್ಷಣ ನರ್ಸ್‌ಗೆ ಹೇಳಿ, "ನಾಚಿಕೆ, ಸುಮ್ಮನೆ ಯಾಕೆ" ಅಂತ ಕೂರಬೇಡಿ. ಇದಕ್ಕೆ ಮೊದಲ ಔಷಧಿ ತೊಡೆಯ ಹೊರಭಾಗದ ಸ್ನಾಯುವಿಗೆ ಅಡ್ರಿನಲಿನ್ ಇಂಜೆಕ್ಷನ್. ಅವಿಲ್, ಡೆಕ್ಸಾ ಆಮೇಲೆ, ಅದರ ಬದಲಿಗಲ್ಲ. ದಾರಿಯಲ್ಲೋ ಮನೆಯಲ್ಲೋ ಆದರೆ 108ಕ್ಕೆ ಫೋನ್ ಮಾಡಿ, ಮಲಗಿಸಿ ಕಾಲು ಎತ್ತರಕ್ಕೆ ಇಡಿ. ಉಸಿರಾಡೋಕೆ ಕಷ್ಟ ಆದರೆ ಕೂರಿಸಿ, ಎದ್ದು ನಡೆಸಬೇಡಿ.

ಸೂಜಿಯ ದಿನ ಇನ್ನೂ ಕೆಲವು ಜಾಗ್ರತೆ: ಜ್ವರ ಇದ್ದರೆ, ಉಬ್ಬಸ ಎದ್ದಿದ್ದರೆ ಅವತ್ತು ಬೇಡ, ಮುಂದಕ್ಕೆ ಹಾಕಿ. ಸೂಜಿಗೆ ಎರಡು ಗಂಟೆ ಮುಂಚೆ, ಎರಡು ಗಂಟೆ ನಂತರ ಓಟ, ಜಿಮ್, ಮೂಟೆ ಹೊರೋದು ಬೇಡ. ಹಮಾಲಿ ಕೆಲಸದವರು, ಹೊಲದ ಕೆಲಸದವರು ಸೂಜಿಗೆ ಸಂಜೆ ಹೊತ್ತು ಇಟ್ಟುಕೊಳ್ಳೋದು ಒಳ್ಳೇದು. ಪರೀಕ್ಷೆಯ ಹಾಗೆ ಇಲ್ಲಿ ಅಲರ್ಜಿ ಮಾತ್ರೆ ನಿಲ್ಲಿಸಬೇಕಿಲ್ಲ.

ನಮ್ಮೂರಲ್ಲೇ ಹಾಕಿಸಬಹುದಾ?

ತಾಲೂಕಿನವರ ದೊಡ್ಡ ಪ್ರಶ್ನೆ ಇದೇ. ಪರೀಕ್ಷೆ ಮತ್ತು ಮೊದಲ ಕೆಲವು ಸೂಜಿ ತಜ್ಞರ ಹತ್ತಿರವೇ ಆಗಲಿ. ಆಮೇಲೆ ಪ್ರತಿ ವಾರ ಜಿಲ್ಲಾ ಕೇಂದ್ರಕ್ಕೆ ಹೋಗೋದು ಕಷ್ಟ ಅಂದರೆ, ಸ್ಥಳೀಯ ಡಾಕ್ಟರ ಹತ್ತಿರ ಹಾಕಿಸಬಹುದಾ ಅಂತ ತಜ್ಞರನ್ನೇ ಕೇಳಿ. ಅವರು ಒಪ್ಪಿದರೆ ಪ್ರಮಾಣದ ಪಟ್ಟಿ ಮತ್ತು ಒಂದು ಪತ್ರ ಬರೆಸಿಕೊಳ್ಳಿ. ಊರಿನ ಕ್ಲಿನಿಕ್‌ನಲ್ಲಿ ಮೂರು ವಿಷಯ ಇರಲೇಬೇಕು: ಡಾಕ್ಟರು ಖುದ್ದು ಇರಬೇಕು, ಅಡ್ರಿನಲಿನ್ ಕೈಗೆಟುಕುವಂತಿರಬೇಕು, ಆಮ್ಲಜನಕ ಇರಬೇಕು. ಮನೆಯಲ್ಲಿ, ಮೆಡಿಕಲ್ ಶಾಪಲ್ಲಿ, ಪರಿಚಯದ ಕಾಂಪೌಂಡರ್ ಕೈಲಿ ಹಾಕಿಸೋದು ಬೇಡವೇ ಬೇಡ.

ಬಾಟಲಿ ನಿಮ್ಮ ಕೈಗೆ ಕೊಟ್ಟಿದ್ದರೆ ಅದನ್ನ 2ರಿಂದ 8 ಡಿಗ್ರಿ ತಂಪಲ್ಲಿ ಇಡಬೇಕು. ಫ್ರಿಜ್‌ನ ನಡು ಅರೆಯಲ್ಲಿ ಇಡಿ. ಬಾಗಿಲಲ್ಲಿ ಬೇಡ, ಫ್ರೀಜರ್‌ನಲ್ಲಿ ಬೇಡ, ಹೆಪ್ಪುಗಟ್ಟಿದರೆ ಬಿಸಾಕೋದೇ. ಬಸ್ಸಲ್ಲಿ ತರುವಾಗ ಐಸ್ ಪ್ಯಾಕ್ ಇರೋ ಡಬ್ಬಿ ಇರಲಿ, ಬಾಟಲಿ ಐಸಿಗೆ ನೇರ ತಾಗದಂತೆ ಬಟ್ಟೆ ಸುತ್ತಿ. ಇಡೀ ದಿನ ಕರೆಂಟ್ ಹೋಗಿದ್ದರೆ ಬಳಸೋ ಮುಂಚೆ ಕೇಳಿ.

ಪ್ರತಿ ಸಲ ಚುಚ್ಚೋ ಮುಂಚೆ ಬಾಟಲಿ ಮೇಲಿನ ಹೆಸರು ನಿಮ್ಮದೇನಾ, ಬಾಟಲಿ ಸಂಖ್ಯೆ ಯಾವುದು, ಇವತ್ತಿನ ಪ್ರಮಾಣ ಎಷ್ಟು, ಅವಧಿ ಮುಗಿದಿಲ್ಲವೇ ಅಂತ ನೀವೂ ನೋಡಿ. ಒಂದು ಬಾಟಲಿಗಿಂತ ಮುಂದಿನದು ಹಲವು ಪಟ್ಟು ಗಟ್ಟಿ ಇರುತ್ತೆ. ಬಾಟಲಿ ಅದಲು ಬದಲಾದರೆ ಅದೇ ದೊಡ್ಡ ಅವಘಡ. ಹೊಸ ಬಾಟಲಿಯ ಮೊದಲ ಸೂಜಿಯ ದಿನ ಹೆಚ್ಚು ಎಚ್ಚರ ಇರಲಿ.

ಸೂಜಿ ಬೇಡ ಅನ್ನೋರಿಗೆ ನಾಲಿಗೆ ಕೆಳಗೆ ಇಡೋ ಹನಿ ಅಥವಾ ಮಾತ್ರೆಯೂ ಇದೆ. ಮೊದಲ ಸಲ ಡಾಕ್ಟರ ಎದುರಿಗೆ, ಆಮೇಲೆ ಮನೆಯಲ್ಲೇ ದಿನಾ. ಮೈಯೆಲ್ಲ ಅಲರ್ಜಿ ಹರಡೋ ಅಪಾಯ ಸೂಜಿಗಿಂತ ಕಡಿಮೆ. ಬಾಯಿ ತುರಿಕೆ ಮೊದಲ ವಾರಗಳಲ್ಲಿ ಇರುತ್ತೆ. ಆದರೆ ಇದೂ ಮೂರು ವರ್ಷದ ಮಾತೇ, ದಿನಾ ಮರೆಯದೆ ಹಾಕಬೇಕು. ದೂರದ ಹಳ್ಳಿಯವರು ಇದರ ಬಗ್ಗೆಯೂ ಕೇಳಿ.

ಅಂಗಡಿಯಲ್ಲಿ, ಮನೆಯಲ್ಲಿ ನಮ್ಮ ಪಾಲಿನ ಕೆಲಸ

ಸೂಜಿ ಮಾಡಿಸಿಕೊಂಡು ಅದೇ ಧೂಳಲ್ಲಿ ಮುಖ ಇಟ್ಟರೆ ಏನು ಲಾಭ? ಬೆಳಗ್ಗೆ ಒಣ ಪೊರಕೆ, ಬಟ್ಟೆ ಜಾಡಿಸೋದರ ಬದಲು ನೀರು ಚಿಮುಕಿಸಿ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಿಟ್ಟು ಸುರಿಯುವಾಗ, ಚೀಲ ಕೊಡವುವಾಗ, ಕಾಂಗ್ರೆಸ್ ಗಿಡ ಕೀಳುವಾಗ ಒಳ್ಳೇ ಮಾಸ್ಕ್ ಹಾಕಿ. ಹಳೇ ಸ್ಟಾಕು ಮೂಲೆಯಲ್ಲಿ ವರ್ಷಗಟ್ಟಲೆ ಕೂರದಿರಲಿ. ಮನೆಯಲ್ಲಿ ಹೊದಿಕೆ, ದಿಂಬಿನ ಕವರನ್ನ ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. 55ರಿಂದ 60 ಡಿಗ್ರಿ ಬಿಸಿಗೆ ಧೂಳಿನ ಹುಳ ಸಾಯುತ್ತೆ. ಅಲರ್ಜಿ ಇದ್ದವರು ಮಲಗೋ ಕೋಣೆಯಲ್ಲಿ ಸೊಳ್ಳೆ ಬತ್ತಿ, ಧೂಪದ ಹೊಗೆ ಬೇಡ.

ಮೇಲೆ ಹೇಳಿದ ಕಿರಾಣಿ ಅಂಗಡಿಯವರ ಕಥೆ ಮುಗಿಸಿಬಿಡ್ತೀನಿ. ಪರೀಕ್ಷೆಯಲ್ಲಿ ಅವರಿಗೆ ಧೂಳಿನ ಹುಳ ಆಗಲ್ಲ ಅಂತ ಬಂತು. ಮೊದಲು ಸ್ಪ್ರೇ ಸರಿಯಾಗಿ ಹಾಕಿ ನೋಡಿದರು, ಪೂರ್ತಿ ಸಾಲಲಿಲ್ಲ. ಈಗ ಇಮ್ಯುನೊಥೆರಪಿ ಶುರುವಾಗಿ ಒಂದು ವರ್ಷ ದಾಟಿದೆ. ಸೀನು ಪೂರ್ತಿ ನಿಂತಿಲ್ಲ. "ಆದರೆ ಶಟರ್ ಎತ್ತಿದ ಮೇಲೆ ಟವೆಲ್ ಹುಡುಕೋದು ತಪ್ಪಿದೆ" ಅಂತಾರೆ. ತಿಂಗಳಿಗೊಮ್ಮೆ ಸೋಮವಾರ ಸಂಜೆ ಕ್ಲಿನಿಕ್‌ನ ಬೆಂಚಿನ ಮೇಲೆ ಅರ್ಧ ಗಂಟೆ ಕೂತು ಉದ್ರಿ ಪುಸ್ತಕದ ಲೆಕ್ಕ ನೋಡ್ತಾರೆ.

ಮುಂದಿನ ಸಲ ನೀವು ಕ್ಲಿನಿಕ್‌ಗೆ ಹೋದಾಗ "ಅಲರ್ಜಿ ಸೂಜಿ ಮಾಡಿ" ಅನ್ನೋ ಬದಲು, "ನನಗೆ ಯಾವುದರ ಅಲರ್ಜಿ ಅಂತ ಪರೀಕ್ಷೆ ಮಾಡಿಸಬಹುದಾ?" ಅಂತ ಕೇಳಿ. ಮಾತ್ರೆಗಳ ಹೆಸರು ಬರೆದಿರೋ ಚೀಟಿ ಜೇಬಲ್ಲಿರಲಿ.